ರೋಮನ್ನರ ಕಾಲದ 12 ಮುಖದ ಕಂಚಿನ ಗೂಡು: ಕತೆ ಎಲ್ಲಿಂದ ಶುರುವಾಯ್ತು, ಎಲ್ಲಿಗೆ ಬಂತು

ಆಗಾಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಓಡಾಡುತ್ತೆ, ಹಸಿರು ಕಿಲುಬು ಹಿಡಿದಿರೋ ಟೊಳ್ಳು ಗೂಡು, ಮೈತುಂಬ ತೂತು, ಮೂಲೆಮೂಲೆಗೂ ಒಂದೊಂದು ಗುಬುಟು, ಕೆಳಗೆ ರಹಸ್ಯ ಬಯಲಾಯ್ತು ಅಂತ ಬರಹ. ಒಂದ್ಸಲ ಗ್ಲೋವ್ಸ್ ಹೆಣೆಯೋ ಸಾಧನ ಅಂತಾರೆ, ಇನ್ನೊಂದ್ಸಲ ದೂರ ಅಳೆಯೋ ಯಂತ್ರ ಅಂತಾರೆ. ಓದಿ ಓದಿ ತಲೆ ಕೆಟ್ಟೋರಿಗೆ ಮೊದಲಿಂದ ಹೇಳ್ತೀನಿ.

ಇದರ ಹೆಸರು ರೋಮನ್ ಡೋಡೆಕಾಹೆಡ್ರನ್. ಐದೈದು ಮೂಲೆಯ 12 ಮುಖ, ಒಟ್ಟು 20 ಗುಬುಟು, ಮುಖಕ್ಕೊಂದು ದುಂಡನೆ ತೂತು, ಅದೂ ಬೇರೆ ಬೇರೆ ಅಳತೇದು. 4 ಸೆಂಟಿಮೀಟರ್‌ನಿಂದ 11 ಸೆಂಟಿಮೀಟರ್‌ವರೆಗೆ ಸಿಕ್ಕಿವೆ, ಕಾಲ ಕ್ರಿ.ಶ. 2ರಿಂದ 4ನೇ ಶತಮಾನ. ಎರಕದ ಕೆಲಸ ಗೊತ್ತಿರೋರಿಗೆ ಇದ್ರ ಕಷ್ಟ ಅರ್ಥ ಆಗುತ್ತೆ, ಇಷ್ಟು ತೆಳು ಗೋಡೆ ಇಟ್ಟು ಒಳಗೆ ಟೊಳ್ಳು ಬಿಟ್ಟು ಹೊಯ್ಯೋದು ಪಳಗಿದ ಕೈಯೇ ಆಗ್ಬೇಕು.

ದಾಖಲೆಯಲ್ಲಿರೋ ಮೊದಲನೇದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಆಸ್ಟನ್‌ನಲ್ಲಿ ಸಿಕ್ಕಿದ್ದು, 1739ರಲ್ಲಿ. ಆಮೇಲೆ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಅಂತ ನೂರಕ್ಕೂ ಹೆಚ್ಚು ಸಿಕ್ಕಿವೆ. ಆದ್ರೆ ಇಟಲಿಯಲ್ಲಿ ಒಂದೂ ಸಿಕ್ಕಿಲ್ಲ! ಅಂದ್ರೆ ರೋಮನ್ ಅಂತ ಕರೆದ್ರೂ ಇದು ಗಾಲ್ (ಈಗಿನ ಫ್ರಾನ್ಸ್, ಬೆಲ್ಜಿಯಂ ಕಡೆ), ಬ್ರಿಟನ್ ಕಡೆ ಜನರ ವಸ್ತು ಅಂತ ನನಗನ್ಸುತ್ತೆ. ಹಳೇ ಲ್ಯಾಟಿನ್ ಬರಹದಲ್ಲಿ ಇದ್ರ ಬಗ್ಗೆ ಒಂದು ಸಾಲೂ ಇಲ್ಲ, ಚಿತ್ರವೂ ಇಲ್ಲ.

ಹೀಗಾಗಿ ಊಹೆಗಳು. ಗದೆಯ ತಲೆ, ಮೇಣದಬತ್ತಿ ಸ್ಟ್ಯಾಂಡ್, ದಾಳ, ಬಿತ್ತನೆ ದಿನ ಲೆಕ್ಕ ಹಾಕೋ ಸಾಧನ. ಆನ್‌ಲೈನ್‌ನಲ್ಲಿ ಗೆದ್ದಿದ್ದು ಮಾತ್ರ ಗ್ಲೋವ್ಸ್. ಯಾರೋ ಗುಬುಟುಗಳಿಗೆ ಉಲ್ಲನ್ ಸುತ್ತಿ ಬೆರಳು ಹೆಣೆದು ವಿಡಿಯೋ ಹಾಕಿದ್ರು, ಅದು ನಿಜಕ್ಕೂ ಹೆಣೆಯೋಕೆ ಬರುತ್ತೆ, ನೋಡೋಕೂ ಚೆಂದ. ಆದ್ರೆ ಬೆರಳಿನ ಅಗಲ ತೀರ್ಮಾನ ಆಗೋದು ಗುಬುಟುಗಳ ನಡುವಿನ ದೂರದಿಂದ, ಅದು ಎಲ್ಲಾ ಮುಖದಲ್ಲೂ ಒಂದೇ, ಹಾಗಿದ್ಮೇಲೆ ತೂತುಗಳನ್ನ ಬೇರೆ ಬೇರೆ ಅಳತೇಲಿ ಯಾಕೆ ಮಾಡ್ಬೇಕಿತ್ತು? ಆ ಕಾಲದ್ದು ಅಂತ ಹೆಣೆದ ಬಟ್ಟೆ ಒಂದೂ ಆ ಭಾಗದಲ್ಲಿ ಸಿಕ್ಕಿಲ್ಲ. ದೂರ ಅಳೆಯೋ ಸಾಧನ ಅನ್ನೋಕೂ ತೊಂದರೆ ಇದೆ, ಒಂದರ ಅಳತೆ ಇನ್ನೊಂದಕ್ಕೆ ಹೊಂದಲ್ಲ, ಮೇಲೆ ಗುರುತು ಅಂಕಿ ಏನೂ ಇಲ್ಲ.

ನನ್ನ ಪ್ರಕಾರ ಉತ್ತರ ಕಳೆದುಹೋಗಿರೋದು ವಸ್ತುವಿಂದಲ್ಲ, ಮಣ್ಣಿಂದ. ಎಷ್ಟೋ ಡೋಡೆಕಾಹೆಡ್ರನ್‌ಗಳು ಉಳುವಾಗ, ಪಾಯ ತೋಡುವಾಗ ಸಿಕ್ಕಿ, ಕೈಯಿಂದ ಕೈಗೆ ಹೋಗಿ, ಮ್ಯೂಸಿಯಂ ಸೇರೋ ಹೊತ್ತಿಗೆ ಪಕ್ಕದಲ್ಲಿ ಏನಿತ್ತು ಅನ್ನೋದೇ ಮರೆತುಹೋಗಿತ್ತು. ಕೆಲವು ನಾಣ್ಯಗಳ ಜೊತೆ ಸಿಕ್ಕಿದ್ವು, ಹಂಗಾಗಿ ಬೆಲೆಬಾಳೋ ವಸ್ತು ಇರ್ಬೇಕು ಅಂತಾರೆ, ಗಟ್ಟಿಯಾಗಿ ಹೇಳಬಹುದಾದ್ದು ಅಷ್ಟೇ.

ಅದಕ್ಕೇ 2023ರ ಬೇಸಿಗೆ ನನಗೆ ದೊಡ್ಡ ವಿಷಯ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ನಾರ್ಟನ್ ಡಿಸ್ನಿ ಅನ್ನೋ ಹಳ್ಳೀಲಿ ಸ್ಥಳೀಯ ಇತಿಹಾಸ ಗುಂಪಿನ ಸ್ವಯಂಸೇವಕರು ಉತ್ಖನನ ಮಾಡ್ತಿದ್ರು. ಅಲ್ಲಿ ಸುಮಾರು 8 ಸೆಂಟಿಮೀಟರ್‌ನ ಡೋಡೆಕಾಹೆಡ್ರನ್, ಮುರೀದೇ ಪೂರ್ತಿಯಾಗಿ, ಹಳೇ ಗುಂಡಿಯೊಳಗೆ 4ನೇ ಶತಮಾನದ ರೋಮನ್ ಮಡಿಕೆ ಚೂರುಗಳ ಜೊತೆ ಸಿಕ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು 33ನೇದು. ಎಲ್ಲಿತ್ತು, ಜೊತೆಗೆ ಏನಿತ್ತು ಅಂತ ಬರೆದಿಟ್ಟುಕೊಂಡೇ ಇದನ್ನ ಮಣ್ಣಿಂದ ಎತ್ತಿದಾರೆ.