ನರ್ಸ್ ಯಾರಿಗೆ ಉತ್ತರ ಕೊಡಬೇಕು? ಒಂದು ಹಳೇ ಜಗಳದ ಹಿನ್ನೆಲೆ

ಪ್ರತಿ ವರ್ಷ ಮೇ 12, ಅಂತಾರಾಷ್ಟ್ರೀಯ ನರ್ಸ್‌ಗಳ ದಿನ, ಬಂತೆಂದರೆ ಅದೇ ಫೋಟೋಗಳು. ಬಿಳಿ ಬಟ್ಟೆ ತೊಟ್ಟ ವಿದ್ಯಾರ್ಥಿಗಳು, ಕೈಯಲ್ಲಿ ದೀಪ, ಬಾಯಲ್ಲಿ ಪ್ರತಿಜ್ಞೆ. ಭಾಷಣಗಳಲ್ಲಿ ಸೇವೆ, ತ್ಯಾಗ, ಕರುಣೆ ಈ ಮೂರು ಪದ ತಪ್ಪುವುದಿಲ್ಲ. ಮುಂದೊಂದು ದಿನ ಎಲ್ಲೋ ನರ್ಸ್‌ಗಳು ಮುಷ್ಕರ ಕೂತರೆ, ಅಥವಾ ಯಾರೋ ಒಬ್ಬರು ಈ ಇಂಜೆಕ್ಷನ್ ನಾನು ಕೊಡಲ್ಲ ಅಂದರೆ, ಅದೇ ಮೂರು ಪದ ಬೈಗುಳವಾಗಿ ವಾಪಸ್ ಬರುತ್ತವೆ. ಇವರದು ಸೇವೆ ಅಲ್ವಾ, ಹೀಗೆಲ್ಲ ಮಾಡಬಹುದಾ?

ತಲೆ ಕೆಡುವುದು ಇಲ್ಲೇ. ನರ್ಸಿಂಗ್‌ನ ಮೌಲ್ಯಗಳು ಯಾವುವು ಅಂತ ಕೇಳಿದರೆ ಜಗಳವೇ ಇಲ್ಲ. ರೋಗಿಯ ಘನತೆ, ಪ್ರಾಮಾಣಿಕತೆ, ಕಾಳಜಿ, ಗುಟ್ಟು ಕಾಯುವುದು, ಬಡವ ಶ್ರೀಮಂತ ಅಂತ ನೋಡದೆ ಎಲ್ಲರಿಗೂ ಒಂದೇ ಆರೈಕೆ. ಯಾರು ಬೇಡ ಅಂತಾರೆ? ಜಗಳ ಇರುವುದು, ಇವನ್ನೆಲ್ಲ ಹೊತ್ತ ನರ್ಸ್ ಕಡೆಗೆ ಯಾರಿಗೆ ಉತ್ತರ ಕೊಡಬೇಕು ಅನ್ನುವುದರಲ್ಲಿ. ಡಾಕ್ಟರಿಗಾ, ಆಸ್ಪತ್ರೆಗಾ, ಹಾಸಿಗೆಯಲ್ಲಿ ಮಲಗಿರುವವರಿಗಾ? ಮೂವರೂ ಒಂದೇ ಮಾತು ಹೇಳುವ ದಿನ ಈ ಪ್ರಶ್ನೆ ಏಳುವುದೇ ಇಲ್ಲ.

ಪ್ರತಿಜ್ಞೆಯನ್ನೇ ತಗೊಳ್ಳಿ. ಅದಕ್ಕೆ ನೈಟಿಂಗೇಲ್ ಪ್ರತಿಜ್ಞೆ ಅಂತ ಹೆಸರು. ಆದರೆ ಬರೆದದ್ದು ಫ್ಲಾರೆನ್ಸ್ ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಫರಾಂಡ್ ತರಬೇತಿ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಅನ್ನುವವರ ನೇತೃತ್ವದ ಸಮಿತಿ, ವೈದ್ಯರ ಹಿಪೊಕ್ರೆಟಿಕ್ ಪ್ರತಿಜ್ಞೆಯ ಮಾದರಿ ನೋಡಿಕೊಂಡು ಬರೆದದ್ದು. ಅದರ ಕೊನೆಯ ವಾಕ್ಯ ಕುತೂಹಲದ್ದು. ಡಾಕ್ಟರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಅನ್ನುವುದೂ, ನನ್ನ ವಶಕ್ಕೆ ಬಂದವರ ಒಳಿತಿಗೆ ನನ್ನನ್ನು ಕೊಟ್ಟುಕೊಳ್ಳುತ್ತೇನೆ ಅನ್ನುವುದೂ ಒಂದೇ ಉಸಿರಿನಲ್ಲಿ ಬರುತ್ತವೆ. ಎರಡಕ್ಕೂ ತಿಕ್ಕಾಟ ಬಂದರೆ? ಆ ಬಗ್ಗೆ ಪ್ರತಿಜ್ಞೆ ಗಪ್‌ಚುಪ್.

ಇದಕ್ಕೂ ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಯುರೋಪಿನಲ್ಲಿ ಶತಮಾನಗಟ್ಟಲೆ ರೋಗಿಗಳನ್ನು ನೋಡಿಕೊಂಡವರಲ್ಲಿ ಹೆಚ್ಚಿನವರು ಮಠದ ಹೆಣ್ಣುಮಕ್ಕಳು. ನಾವು ಇವತ್ತಿಗೂ ‘ಸಿಸ್ಟರ್’ ಅಂತ ಕೂಗುವುದರ ಬೇರು ಅಲ್ಲಿದೆ. 1633ರಲ್ಲಿ ಫ್ರಾನ್ಸ್‌ನಲ್ಲಿ ಡಾಟರ್ಸ್ ಆಫ್ ಚಾರಿಟಿ ಅನ್ನುವ ಕ್ರೈಸ್ತ ಹೆಣ್ಣುಮಕ್ಕಳ ಸಂಘ ಬಂತು, 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ ತರಬೇತಿ ಶುರು ಮಾಡಿದರು, 1851ರಲ್ಲಿ ನೈಟಿಂಗೇಲ್ ಕೆಲವು ತಿಂಗಳು ಅಲ್ಲಿದ್ದು ಕಲಿತರು. ದೇವರ ಕೆಲಸ ಅಂದಮೇಲೆ ಸಂಬಳ ಕೇಳುವ ಹಾಗಿಲ್ಲ, ಎದುರು ಮಾತಾಡುವ ಹಾಗೂ ಇಲ್ಲ. ಮಠ ಹಿಂದಕ್ಕೆ ಸರಿದರೂ ಆ ಗುಣ ವೃತ್ತಿಯಲ್ಲೇ ಉಳಿದುಕೊಂಡಿತು.

ಕ್ರಿಮಿಯನ್ ಯುದ್ಧದ ಕಥೆ ಎಲ್ಲರಿಗೂ ಗೊತ್ತು, ದೀಪ ಹಿಡಿದ ಮಹಿಳೆ. (ಅಂದಹಾಗೆ ಬ್ಯಾಡ್ಜ್‌ಗಳ ಮೇಲಿರುವ ಎಣ್ಣೆ ದೀಪ ಅವರ ಕೈಯಲ್ಲಿ ಇರಲಿಲ್ಲ. ಅಲ್ಲಿ ಬಳಕೆಯಲ್ಲಿದ್ದದ್ದು ಮಡಚಿ ಇಡಬಹುದಾದ ಟರ್ಕಿ ಲಾಟೀನು.) ಜಾಸ್ತಿ ಜನ ಗಮನಿಸದ ಸಂಗತಿ ಇನ್ನೊಂದಿದೆ. 1854ರ ನವೆಂಬರ್‌ನಲ್ಲಿ 38 ಹೆಂಗಸರನ್ನು ಕರೆದುಕೊಂಡು ಅವರು ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಇವರು ಬೇಕಿರಲಿಲ್ಲ. ನೈಟಿಂಗೇಲ್ ಜಗಳಕ್ಕೆ ಹೋಗಲಿಲ್ಲ. ಡಾಕ್ಟರು ಕರೆಯುವವರೆಗೂ ಯಾರೂ ರೋಗಿಯನ್ನು ಮುಟ್ಟಕೂಡದು ಅಂದರು. ಗಾಯಾಳುಗಳು ಕಣ್ಣೆದುರೇ ಬಿದ್ದಿದ್ದಾರೆ, ಇವರು ಬಟ್ಟೆ, ದಿಂಬು ಹೊಲಿಯುತ್ತಾ ಕೂತಿದ್ದಾರೆ. ಕೆಲವೇ ದಿನದಲ್ಲಿ ಇಂಕರ್ಮನ್ ಕಾಳಗದ ಗಾಯಾಳುಗಳು ಹಡಗುಗಟ್ಟಲೆ ಬಂದರು. ವೈದ್ಯರೇ ಬಂದು ಕರೆದರು.

ನನಗೆ ಅನ್ನಿಸುವುದು ಇಷ್ಟು. ಅಲ್ಲಿ ವಿಧೇಯತೆ ಒಂದು ಪಟ್ಟು, ಮುಚ್ಚಿದ ಬಾಗಿಲು ತೆಗೆಸುವ ಉಪಾಯ. ಬಾಗಿಲು ತೆರೆದ ಮೇಲೂ ಅದನ್ನು ಯಾರೂ ಕೆಳಗಿಡಲಿಲ್ಲ. ನಿಧಾನಕ್ಕೆ ಅದೇ ಒಂದು ಮೌಲ್ಯ ಆಗಿಬಿಟ್ಟಿತು.

1860ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ನಿಧಿಯಿಂದ ಶಾಲೆ ಶುರುವಾಯಿತು. ಅಲ್ಲಿ ಪ್ರತಿ ವಿದ್ಯಾರ್ಥಿನಿಗೂ ತಿಂಗಳಿಗೊಂದು ಹಾಳೆ. ಡ್ರೆಸಿಂಗ್ ಕಟ್ಟುವುದು, ರೋಗಿಯನ್ನು ಗಮನಿಸುವುದು ಇಂಥ ಕೆಲಸಗಳ ಜೊತೆಗೆ ನಡತೆಗೂ ಅಂಕ. ಸಮಯಪಾಲನೆ, ನಂಬಿಕೆಗೆ ಅರ್ಹತೆ, ಚೊಕ್ಕಟ ಸರಿ. ಅದೇ ಸಾಲಿನಲ್ಲಿ ಇನ್ನೊಂದು ಕಲಂ ಇತ್ತು, ‘ಸದ್ದಿಲ್ಲದಿರುವಿಕೆ’. ರೋಗಿ ಮಲಗಿರುವ ಕಡೆ ಗಲಾಟೆ ಬೇಡ ಅನ್ನುವುದಕ್ಕೆ ಇಟ್ಟದ್ದು, ಒಪ್ಪೋಣ. ಆದರೆ ಅಂಕ ಕೊಟ್ಟು ಕಲಿಸಿದ ಮೌನ ರೋಗಿಯ ಮಂಚದ ಹತ್ತಿರ ಮಾತ್ರ ಉಳಿಯುತ್ತದಾ?

ನೈಟಿಂಗೇಲ್ ಅವರನ್ನು ಬರೀ ವಿಧೇಯತೆಯ ಗುರು ಮಾಡಿದರೆ ಅನ್ಯಾಯ ಆಗುತ್ತದೆ. ನರ್ಸ್‌ಗಳ ಶಿಸ್ತು ವೈದ್ಯರ ಕೈಯಲ್ಲಿ ಇರಬಾರದು, ನರ್ಸಿಂಗ್ ಬಲ್ಲ ಮುಖ್ಯ ನರ್ಸ್ (ಮೇಟ್ರನ್) ಕೈಯಲ್ಲೇ ಇರಬೇಕು ಅಂತ ಹಟ ಹಿಡಿದವರೂ ಅವರೇ. ಸ್ಕುಟಾರಿಯಲ್ಲಿ 1855ರ ಫೆಬ್ರವರಿಯಲ್ಲಿ ಶೇ. 42ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ, ನೈರ್ಮಲ್ಯ ಆಯೋಗದವರು ಬಂದು ಚರಂಡಿ ಸರಿಮಾಡಿದ ಮೇಲೆ ಕೆಲವೇ ತಿಂಗಳಲ್ಲಿ ಶೇ. 2ರ ಹತ್ತಿರಕ್ಕೆ ಇಳಿಯಿತು. ನೈಟಿಂಗೇಲ್ ಅದನ್ನು ಲೆಕ್ಕ ಹಾಕಿ, ಬಣ್ಣದ ಚಿತ್ರ ಮಾಡಿ ಸರ್ಕಾರದ ಮುಂದಿಟ್ಟರು. ದೀಪದ ಬದಲು ಆ ಲೆಕ್ಕದ ಹಾಳೆ ವೃತ್ತಿಯ ಗುರುತಾಗಿದ್ದರೆ ಚೆನ್ನಾಗಿರುತ್ತಿತ್ತು. ಇದು ನನ್ನ ಅಭಿಪ್ರಾಯ, ಬಿಡಿ.

1880ರ ದಶಕದ ಕೊನೆಯಿಂದ ಮುಂದಿನ ಮೂವತ್ತು ವರ್ಷ ನೋಂದಣಿಯ ಗುದ್ದಾಟದಲ್ಲಿ ಹೋಯಿತು. ಪರೀಕ್ಷೆ ಬರೆಸಿ, ಪಟ್ಟಿಯಲ್ಲಿ ಹೆಸರು ಹಾಕಿ ಅಂತ ಬ್ರಿಟನ್ನಿನ ನರ್ಸ್ ನಾಯಕಿ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್. ಗುಣಕ್ಕೆ ಪರೀಕ್ಷೆ ಮಾಡಲಾಗದು ಅಂತ ನೈಟಿಂಗೇಲ್. 1901ರಲ್ಲಿ ನ್ಯೂಜಿಲೆಂಡ್ ನರ್ಸ್‌ಗಳಿಗೇ ಅಂತ ಪ್ರತ್ಯೇಕ ನೋಂದಣಿ ಕಾನೂನು ತಂದಿತು, ಬ್ರಿಟನ್‌ಗೆ ಅದು ಬಂದದ್ದು 1919ರಲ್ಲಿ. ನಡುವೆ 1899ರಲ್ಲಿ ಅಂತಾರಾಷ್ಟ್ರೀಯ ನರ್ಸ್‌ಗಳ ಮಂಡಳಿ, ಐಸಿಎನ್, ಹುಟ್ಟಿತು.

ಈ ಐಸಿಎನ್ ತನ್ನ ಮೊದಲ ನೀತಿಸಂಹಿತೆಯನ್ನು ಒಪ್ಪಿದ್ದು 1953ರಲ್ಲಿ, ಬ್ರೆಜಿಲ್‌ನ ಸಾವ್ ಪಾವ್ಲೋದಲ್ಲಿ. ಡಾಕ್ಟರ ಆದೇಶವನ್ನು ಬುದ್ಧಿಯಿಂದ, ನಿಷ್ಠೆಯಿಂದ ಪಾಲಿಸುವುದು ನರ್ಸ್‌ನ ಹೊಣೆ ಅಂತ ಅದರಲ್ಲಿತ್ತು. ಅದೇ ಕಲಮಿನಲ್ಲಿ, ಅನೈತಿಕ ಕೆಲಸಕ್ಕೆ ಕೈ ಹಾಕಬಾರದು ಅಂತಲೂ ಇತ್ತು. ಆ ಕೊನೆಯ ತುಂಡು ಸುಮ್ನೆ ಬಂದದ್ದಲ್ಲ ಅಂತ ನನ್ನ ಊಹೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಆಳ್ವಿಕೆಯಲ್ಲಿದ್ದ ಮೆಸೆರಿಟ್ಸ್-ಒಬ್ರಾವಾಲ್ಡೆ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳನ್ನು ಮದ್ದು ಕೊಟ್ಟೇ ಕೊಲ್ಲಲಾಯಿತು. ಲೋಟ ಹಿಡಿದವರು, ಸೂಜಿ ಚುಚ್ಚಿದವರು ನರ್ಸ್‌ಗಳು. 1965ರಲ್ಲಿ ಮ್ಯೂನಿಕ್‌ನಲ್ಲಿ 14 ನರ್ಸ್‌ಗಳ ವಿಚಾರಣೆ ನಡೆದು ಎಲ್ಲರೂ ಖುಲಾಸೆಯಾದರು. ಹೇಳಿದ್ದನ್ನು ಮಾಡುವುದು ನಮ್ಮ ಕರ್ತವ್ಯ ಅಂದುಕೊಂಡಿದ್ದೆವು ಅನ್ನುವ ಮಾತು ಅಲ್ಲಿ ಬಂದಿತ್ತು.

ಅದು ಯುದ್ಧ, ಅದು ಬೇರೆ ಅಂತ ಅನ್ನಬಹುದು. ಹಾಗಾದರೆ 1966ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ನೋಡಿ. ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಮಾಡಿದ್ದು. ಸಂಜೆ ಹೊತ್ತು, ವಾರ್ಡಿನಲ್ಲಿ ಒಬ್ಬರೇ ನರ್ಸ್. ಫೋನ್ ಬರುತ್ತದೆ. ಆ ಕಡೆಯವರು ತಾನು ಡಾಕ್ಟರ್ ಅನ್ನುತ್ತಾರೆ, ದನಿ ಪರಿಚಯದ್ದಲ್ಲ. ಇಂಥ ರೋಗಿಗೆ ಆಸ್ಟ್ರೊಟೆನ್ 20 ಮಿಲಿಗ್ರಾಂ ಕೊಡಿ, ಇನ್ನು ಹತ್ತು ನಿಮಿಷದಲ್ಲಿ ಬಂದು ಸಹಿ ಹಾಕುತ್ತೇನೆ. ಕಪಾಟಿನಲ್ಲಿ ಡಬ್ಬಿ ಇದೆ. ದಿನಕ್ಕೆ ಗರಿಷ್ಠ ಡೋಸ್ 10 ಮಿಲಿಗ್ರಾಂ ಅಂತ ಡಬ್ಬಿಯ ಮೇಲೇ ಬರೆದಿದೆ. ಆ ಔಷಧಿ ವಾರ್ಡಿನ ಪಟ್ಟಿಯಲ್ಲೇ ಇಲ್ಲ. ಫೋನಿನಲ್ಲಿ ಹೇಳಿದ ಆದೇಶಕ್ಕೆ ಔಷಧಿ ಕೊಡುವ ಹಾಗಿಲ್ಲ ಅನ್ನುವ ನಿಯಮ ಬೇರೆ.

22 ನರ್ಸ್‌ಗಳಲ್ಲಿ 21 ಜನ ಮಾತ್ರೆ ಹಿಡಿದು ರೋಗಿಯ ಕಡೆ ಹೊರಟರು. ಅಷ್ಟರಲ್ಲಿ ತಡೆದು ವಿಷಯ ಹೇಳಿದರು. ಡಬ್ಬಿಯಲ್ಲಿದ್ದದ್ದು ಬರೀ ಸಕ್ಕರೆ.

ಇದಕ್ಕಿಂತ ಕಾಡುವ ವಿಷಯ ಇನ್ನೊಂದು. ಇದೇ ಸನ್ನಿವೇಶವನ್ನು ಕಾಗದದ ಮೇಲೆ ಬರೆದು, ನೀವಾದರೆ ಏನು ಮಾಡುತ್ತಿದ್ದಿರಿ ಅಂತ ಬೇರೆ 12 ನರ್ಸ್‌ಗಳನ್ನೂ 21 ವಿದ್ಯಾರ್ಥಿಗಳನ್ನೂ ಕೇಳಿದರು. ನರ್ಸ್‌ಗಳಲ್ಲಿ 10 ಜನ ಕೊಡುತ್ತಿರಲಿಲ್ಲ ಅಂದರು. ವಿದ್ಯಾರ್ಥಿಗಳು ಒಬ್ಬರೂ ಬಿಡದೆ ಹಾಗೇ ಅಂದರು. ಅಂದರೆ ಮೌಲ್ಯ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದದ್ದು ಫೋನ್ ಕಿವಿಗೆ ಬಂದಾಗ ಕೆಲಸಕ್ಕೆ ಬರಲಿಲ್ಲ. ಎಷ್ಟೇ ನೀತಿಪಾಠ ಹೇಳಿದರೂ ಈ ಅಂತರ ತುಂಬುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಯಾಕೆಂದರೆ 1977ರಲ್ಲಿ ಇಂಥದೇ ಪ್ರಯೋಗ ಮತ್ತೆ ನಡೆದಾಗ ಬದಲಾದದ್ದು ಪಾಠ ಅಲ್ಲ, ಪರಿಸ್ಥಿತಿ. ಎಲ್ಲರಿಗೂ ಗೊತ್ತಿರುವ ವ್ಯಾಲಿಯಂ, ಪರಿಚಯದ ಡಾಕ್ಟರ ಹೆಸರು, ಪಕ್ಕದಲ್ಲಿ ಕೇಳುವುದಕ್ಕೆ ಇನ್ನೊಬ್ಬ ಸಹೋದ್ಯೋಗಿ. ಆ ಸಲ 18ರಲ್ಲಿ 16 ಜನ ಕೊಡಲು ಒಪ್ಪಲಿಲ್ಲ.

ಅದೇ ಕಾಲದಲ್ಲಿ, 1967ರಲ್ಲಿ, ಲಿಯೊನಾರ್ಡ್ ಸ್ಟೈನ್ ಅನ್ನುವ ಮನೋವೈದ್ಯ ಇನ್ನೊಂದು ವಿಷಯ ಬರೆದರು. ನರ್ಸ್‌ಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಆದರೆ ಅದು ಡಾಕ್ಟರಿಗೇ ಹೊಳೆದ ಹಾಗೆ ಹೇಳಬೇಕು. ಅದನ್ನವರು ‘ಡಾಕ್ಟರ್-ನರ್ಸ್ ಆಟ’ ಅಂದರು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. “ಸರ್, ಪೇಷೆಂಟ್ ಯಾಕೋ ತುಂಬಾ ಉಸಿರು ಎಳೀತಿದ್ದಾರೆ... ಮೊನ್ನೆಯೂ ಹೀಗೇ ಆಗಿತ್ತು, ಆಗ ನೀವು ಲ್ಯಾಸಿಕ್ಸ್ ಬರೆದಿದ್ರಿ.” ಲ್ಯಾಸಿಕ್ಸ್ (ಮೈಯಲ್ಲಿ ತುಂಬಿದ ನೀರು ಇಳಿಸುವ ಔಷಧಿ) ಕೊಡೋಣವಾ ಅಂತ ನೇರ ಕೇಳುವ ಹಾಗಿಲ್ಲ.

ಕಾಗದದ ಮೇಲೆ ತಿರುವು ಬಂದದ್ದು 1973ರಲ್ಲಿ. ಐಸಿಎನ್ ಸಂಹಿತೆ ತಿದ್ದಿದಾಗ ಡಾಕ್ಟರ ಆದೇಶಕ್ಕೆ ನಿಷ್ಠೆ ಅನ್ನುವ ಕಲಂ ಹೋಯಿತು, ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಅಂತ ಬಂತು. ಒಂದು ವಾಕ್ಯ ಅಷ್ಟೇ. ಆದರೆ ಪ್ರತಿಜ್ಞೆ ಬಾಯಿ ಬಿಡದ ಕಡೆ ಇದು ಉತ್ತರ ಹೇಳಿತು.

ಅದಕ್ಕೆ ಹದ ಮಾಡಿಕೊಟ್ಟವರಲ್ಲಿ ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ದೊಡ್ಡ ಹೆಸರು. 1960ರಲ್ಲಿ ಐಸಿಎನ್ ಪ್ರಕಟಿಸಿದ ಅವರ ವಿವರಣೆಯ ಸಾರ ಇದು: ಒಬ್ಬ ವ್ಯಕ್ತಿಗೆ ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ತನಗೆ ತಾನೇ ಏನು ಮಾಡಿಕೊಳ್ಳುತ್ತಿದ್ದನೋ ಅದಕ್ಕೆ ನೆರವಾಗುವುದು ನರ್ಸಿಂಗ್. ಅವನು ಆದಷ್ಟು ಬೇಗ ಯಾರ ನೆರವೂ ಬೇಡ ಅನ್ನುವ ಹಾಗೆ ಮಾಡುವುದೂ ನರ್ಸಿಂಗ್. ನೆಮ್ಮದಿಯ ಸಾವಿಗೆ ನೆರವಾಗುವುದೂ ಅದರೊಳಗೇ ಬರುತ್ತದೆ.

ಓದಲು ಸರಳ. ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋದ ಒಬ್ಬರಿಗೆ ಅಂಗಿ ಹಾಕಿಸುವುದನ್ನು ನೆನೆಸಿಕೊಳ್ಳಿ. ನಾವೇ ಹಾಕಿಬಿಟ್ಟರೆ ಎರಡು ನಿಮಿಷ. ಅವರೇ ಹಾಕಿಕೊಳ್ಳಲಿ ಅಂತ ಬಿಟ್ಟರೆ, ಮೊದಲು ಬಿದ್ದ ಕೈಗೆ ತೋಳು ಏರಿಸಿ ಅಂತ ಹೇಳಿಕೊಟ್ಟು, ಗುಂಡಿ ಜಾರುವುದನ್ನು ನೋಡುತ್ತಾ ನಮ್ಮ ಕೈ ಮುಂದೆ ಚಾಚದೆ ನಿಂತರೆ, ಕಾಲು ಗಂಟೆ. ಮೌಲ್ಯ ಇರುವುದು ಆ ಕಾಲು ಗಂಟೆಯಲ್ಲಿ. ಒಂದು ಶಿಫ್ಟಿಗೆ ಹದಿನೈದು ರೋಗಿಗಳಿದ್ದರೆ ಯಾರಿಗೂ ಕಾಲು ಗಂಟೆ ಸಿಗುವುದಿಲ್ಲ. ಎರಡು ನಿಮಿಷದಲ್ಲಿ ಅಂಗಿ ಹಾಕಿ ಮುಂದಿನ ಮಂಚಕ್ಕೆ ಹೋದ ನರ್ಸ್‌ಗೆ ಕಾಳಜಿ ಕಮ್ಮಿ ಅಂತ ಹೇಳುವುದು ಸುಲಭ.

1984ರಲ್ಲಿ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ ಈ ಸಂಕಟಕ್ಕೆ ಹೆಸರಿಟ್ಟರು, ನೈತಿಕ ಯಾತನೆ. ಸರಿ ಯಾವುದು ಅಂತ ಗೊತ್ತಿದೆ, ಆದರೆ ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲು ಆಗುತ್ತಿಲ್ಲ. ಇದಾದ ಮೇಲೆ ಮೌಲ್ಯಗಳ ಪಟ್ಟಿಗಳು ಉದ್ದವಾಗುತ್ತಲೇ ಹೋದವು. ಪರಹಿತ, ಸ್ವಾಯತ್ತತೆ, ಮಾನವ ಘನತೆ, ಪ್ರಾಮಾಣಿಕತೆ, ಸಾಮಾಜಿಕ ನ್ಯಾಯ ಅಂತ ಐದು ಹೇಳುವ ಪಟ್ಟಿಯೇ ಪಾಠಗಳಲ್ಲಿ ಹೆಚ್ಚು ಕಾಣುತ್ತದೆ. ಆ ಪಟ್ಟಿಯಲ್ಲಿ ಪರಹಿತ ಮೊದಲ ಸಾಲಿನಲ್ಲಿ ಕೂರುವುದು ಕಾಕತಾಳೀಯವಾ, ನೀವೇ ನೋಡಿ. ಪಟ್ಟಿಗಳ ನಡುವೆ ನನಗೆ ಮುಖ್ಯ ಅನ್ನಿಸುವುದು ಅಮೆರಿಕನ್ ನರ್ಸ್‌ಗಳ ಸಂಘ 2001ರ ಸಂಹಿತೆಯಲ್ಲಿ ಸೇರಿಸಿದ ಒಂದು ಕಲಂ. ಬೇರೆಯವರಿಗೆ ಎಷ್ಟು ಕರ್ತವ್ಯ ಇದೆಯೋ ಅಷ್ಟೇ ಕರ್ತವ್ಯ ನರ್ಸ್‌ಗೆ ತನ್ನ ಬಗ್ಗೆಯೂ ಇದೆ ಅಂತ ಅದು ಹೇಳುತ್ತದೆ. 1893ರ ಪ್ರತಿಜ್ಞೆಯ ಪಕ್ಕದಲ್ಲಿಟ್ಟು ಓದಿದರೆ ಬೇರೆಯೇ ವೃತ್ತಿಯ ಕಾಗದ ಅನ್ನಿಸುತ್ತದೆ.

ಮರುವರ್ಷ, 2002ರಲ್ಲಿ, ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. 1999ರಲ್ಲೇ ಕಾನೂನು ಮಾಡಿದ್ದ ಕ್ಯಾಲಿಫೋರ್ನಿಯಾ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಅಂತ ಮಿತಿ ಜಾರಿಗೆ ತಂದಿತು. ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚು ಇಲ್ಲ. ಅಲ್ಲಿಂದ ಈಚೆಗೆ ‘ಸಿಬ್ಬಂದಿ ಜಾಸ್ತಿ ಮಾಡಿ’ ಅನ್ನುವುದು ನರ್ಸ್‌ಗಳ ಸ್ವಂತದ ಬೇಡಿಕೆ, ‘ಸೇವೆ’ ಅದಕ್ಕೆ ವಿರುದ್ಧವಾದದ್ದು ಅಂತ ವಾದಿಸುವುದು ಕಷ್ಟ. ಆದರೂ ವಾದಿಸುತ್ತಾರೆ. 2020ರಲ್ಲಿ ಜಗತ್ತಿಡೀ ಚಪ್ಪಾಳೆ ತಟ್ಟಿ ನರ್ಸ್‌ಗಳನ್ನು ವೀರರು ಅಂದಿತು. ವೀರರಿಗೆ ರಜೆ ಬೇಕಾಗುವುದಿಲ್ಲ ನೋಡಿ.

ಈಗ ಈ ಹಳೇ ಪ್ರಶ್ನೆ ಬಂದು ನಿಂತಿರುವುದು ಒಂದು ಚಾರ್ಟಿನ ಮೇಲೆ. 1990ರ ಸುಮಾರಿಗೆ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ತುರ್ತು ವೈದ್ಯ ತಂಡವೊಂದು ಶುರುವಾಯಿತು. ಬಿಪಿ, ನಾಡಿ, ಉಸಿರಾಟ ಇಂಥ ಮಟ್ಟ ಮೀರಿದರೆ ನರ್ಸ್ ನೇರ ಆ ತಂಡವನ್ನೇ ಕರೆಯಬಹುದು. 2012ರಲ್ಲಿ ಬ್ರಿಟನ್ನಿನಲ್ಲಿ ಇಂಥದ್ದಕ್ಕೇ ಅಂಕಪಟ್ಟಿ ಬಂತು. ಉಸಿರು, ಆಮ್ಲಜನಕ, ಜ್ವರ, ಬಿಪಿ, ನಾಡಿ, ಎಚ್ಚರ, ಪ್ರತಿಯೊಂದಕ್ಕೂ ಅಂಕ. ಒಟ್ಟು 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ಅಂತ ಅರ್ಥ. ನರ್ಸ್‌ನ ಒಳಮನಸ್ಸಿನ ಧೈರ್ಯದ ಮೇಲೆ ಬಿಡದೆ, ಕೈಗೆ ಒಂದು ಸಂಖ್ಯೆ ಕೊಟ್ಟಿದ್ದಾರೆ.

ರಾತ್ರಿ ಎರಡು ಗಂಟೆಗೆ ಆ ಸಂಖ್ಯೆ 7 ತೋರಿಸಿದಾಗ ನಡೆಯುವುದೇನು? ಎಷ್ಟೋ ಕಡೆ ಈಗಲೂ ಮೊದಲ ಫೋನ್ ಹೋಗುವುದು ಆ ವಾರ್ಡಿನ ಡ್ಯೂಟಿ ಡಾಕ್ಟರಿಗೆ. ಅವರನ್ನು ದಾಟಿ ಹೋದರೆ ಬೆಳಗ್ಗೆ ರೌಂಡ್ಸ್‌ನಲ್ಲಿ ಏನು ಕಾದಿದೆಯೋ ಅನ್ನುವ ಅಳುಕು. ಆ ಕಡೆಯಿಂದ “ಒಂದು ಗಂಟೆ ನೋಡಿ ಸಿಸ್ಟರ್” ಅಂದರೆ, ಫೋನ್ ಇಟ್ಟು, ಕೇಸ್ ಶೀಟಿನಲ್ಲಿ ಸಮಯ ಹಾಕಿ, ‘ಡಾಕ್ಟರಿಗೆ ತಿಳಿಸಲಾಗಿದೆ’ ಅಂತ ಬರೆದು, ರೋಗಿಯ ಪಕ್ಕ ಹೋಗಿ ನಿಲ್ಲುತ್ತಾರೆ.