ಪ್ರಾವೆನೆನ್ಸ್: ಒಂದು ರೇಸ್ ಕಾರು ಬಂದ ದಾರಿ

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರಿಗೆಲ್ಲ ಈ ದೃಶ್ಯ ಗೊತ್ತು. ಚಾಸಿ ನಂಬರ್ ಇರುವ ಜಾಗವನ್ನು ಬಟ್ಟೆಯಿಂದ ಒರೆಸುತ್ತಾರೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಬರುತ್ತವೆ. ಆರ್‌ಸಿಯಲ್ಲಿರುವ ನಂಬರಿಗೆ ಅದು ತಾಳೆಯಾದರೆ ಮುಗಿಯಿತು. ಈ ಗಾಡಿ ಯಾವುದು ಅನ್ನುವುದರ ಬಗ್ಗೆ ಯಾರಿಗೂ ಅನುಮಾನ ಇಲ್ಲ.

ಹಳೆಯ ರೇಸ್ ಕಾರುಗಳ ವಿಷಯಕ್ಕೆ ಬಂದರೆ, ನಂಬರ್ ತಾಳೆಯಾದ ಮೇಲೇ ವಿಚಾರಣೆ ಶುರುವಾಗುತ್ತದೆ. ಈ ನಂಬರ್ ಇಲ್ಲಿಗೆ ಯಾವಾಗ ಬಂತು? ಯಾರು ಕೊರೆದರು? ಇದೇ ನಂಬರಿನ ಇನ್ನೊಂದು ಕಾರು ಎಲ್ಲಾದರೂ ಇದೆಯಾ? ಈ ವಿಚಾರಣೆಯ ಕೇಂದ್ರದಲ್ಲಿರುವ ಪದ ಪ್ರಾವೆನೆನ್ಸ್.

ಪದ ಫ್ರೆಂಚ್‌ನದು. ಬೇರು ಲ್ಯಾಟಿನ್‌ನಲ್ಲಿದೆ, ಒಂದು ಕಡೆಯಿಂದ ಹೊರಟು ಬರುವುದು ಅಂತ ಅರ್ಥ. ಚಿತ್ರಕಲೆ, ಶಿಲ್ಪ, ಹಳೆಯ ಹಸ್ತಪ್ರತಿಗಳನ್ನು ಮಾರುವವರು, ಕೊಳ್ಳುವವರು ಇದನ್ನು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಕನ್ನಡದಲ್ಲಿ ನಾನು ಇದನ್ನು 'ಬಂದ ದಾರಿ' ಅಂತ ಕರೆಯುತ್ತೇನೆ. ವಸ್ತು ಹುಟ್ಟಿದ ದಿನದಿಂದ ಇವತ್ತಿನವರೆಗೆ ಯಾರ್ಯಾರ ಕೈ ದಾಟಿ ಬಂತು ಅನ್ನುವುದರ ಕತೆ, ಅದಕ್ಕೆ ಬೇಕಾದ ಪುರಾವೆ ಸಮೇತ.

ಸೈಟು ಕೊಳ್ಳುವಾಗ ವಕೀಲರು ಕೇಳುವುದೂ ಇದನ್ನೇ, ಅಲ್ವಾ? ಮೂಲ ಪತ್ರ ಎಲ್ಲಿದೆ? ಇಸಿ ಎಷ್ಟು ವರ್ಷದ್ದು ತೆಗೆಸಿದ್ದೀರಿ? ಅಪ್ಪನಿಂದ ಮಗನಿಗೆ ಬಂದಿದ್ದಕ್ಕೆ ವಿಭಾಗ ಪತ್ರ ಇದೆಯಾ? ನಡುವೆ ಒಂದು ಕೊಂಡಿ ಕಾಣದಿದ್ದರೆ ವಕೀಲರು ಪೆನ್ನು ಕೆಳಗಿಡುತ್ತಾರೆ. ಒಂದೇ ವ್ಯತ್ಯಾಸ ಅಂದರೆ ಸೈಟು ಇದ್ದಲ್ಲೇ ಇರುತ್ತದೆ. ರೇಸ್ ಕಾರು ಗೋಡೆಗೆ ಗುದ್ದುತ್ತದೆ, ಬೆಂಕಿಗೆ ಸಿಗುತ್ತದೆ, ಒಂದೇ ಸೀಸನ್ನಿನಲ್ಲಿ ಎರಡು ಮೂರು ಎಂಜಿನ್ ಬದಲಾಯಿಸುತ್ತದೆ. ಹಾಗಾಗಿ ಕಾರಿನ ಬಂದ ದಾರಿ ಹುಡುಕುವವರಿಗೆ ಎರಡು ಕೆಲಸ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ನೋಡಬೇಕು. ಹಾಗೆ ಕೈ ಬದಲಾಯಿಸುತ್ತಾ ಬಂದಿದ್ದು ಅದೇ ಕಾರೇ ಅಂತಲೂ ನೋಡಬೇಕು. ಎರಡನೆಯದೇ ಕಷ್ಟ.

ಕಷ್ಟ ಯಾಕೆ ಅಂದರೆ, ಆಗಿನ ರೇಸ್ ತಂಡಗಳಿಗೆ ಚಾಸಿ ನಂಬರ್ ದೊಡ್ಡ ವಿಷಯವೇ ಆಗಿರಲಿಲ್ಲ. ಅವರಿಗೆ ಭಾನುವಾರದ ರೇಸ್ ಮುಖ್ಯ. 1950, 60ರ ದಶಕದಲ್ಲಿ ಯುರೋಪಿನ ತಂಡಗಳು ಲಾರಿಯಲ್ಲಿ ಕಾರು ಹೇರಿಕೊಂಡು ದೇಶದಿಂದ ದೇಶಕ್ಕೆ ಹೋಗುತ್ತಿದ್ದವು. ಪ್ರತಿ ಗಡಿಯಲ್ಲೂ ಕಸ್ಟಮ್ಸ್‌ನವರು ಕಾರ್ನೆ ಅನ್ನುವ ಕಾಗದ ಕೇಳುತ್ತಿದ್ದರು. ಅದರಲ್ಲಿ ಬರೆದ ಚಾಸಿ ನಂಬರ್ ಕಾರಿನ ಮೇಲೂ ಇರಬೇಕು. ಹೊಸ ಕಾರು ತಯಾರಾಗಿದೆ, ಅದಕ್ಕೆ ಕಾರ್ನೆ ಮಾಡಿಸಲು ಪುರುಸೊತ್ತಿಲ್ಲ ಅಂದರೆ ಏನು ಮಾಡುವುದು? ಹಳೆಯ ಕಾರಿನ ಚಾಸಿ ನಂಬರ್ ಇರುವ ಪ್ಲೇಟ್ ಬಿಚ್ಚಿ ಹೊಸದಕ್ಕೆ ಹಾಕುವುದು. ನಾಲ್ಕು ರಿವೆಟ್ಟಿನ ಕೆಲಸ. ಇಟಲಿಯ ಮಾಸೆರಾಟಿ 250ಎಫ್ ರೇಸ್ ಕಾರುಗಳ ಚರಿತ್ರೆ ಬಿಡಿಸುವವರಿಗೆ ಇಂಥ ಅದಲುಬದಲು ಇವತ್ತಿಗೂ ತಲೆನೋವು. ಯಾರೂ ಮೋಸ ಮಾಡಲು ಹೊರಟಿರಲಿಲ್ಲ. ಅರವತ್ತು ವರ್ಷ ಬಿಟ್ಟು ಈ ಕಾರಿಗೆ ಕೋಟಿಗಟ್ಟಲೆ ಬೆಲೆ ಬರುತ್ತದೆ ಅಂತ ಆ ಮೆಕ್ಯಾನಿಕ್‌ಗಳಿಗೆ ಹೇಗೆ ತಾನೇ ಗೊತ್ತಾಗಬೇಕು?

ಆಮೇಲೆ ಕಾರು ಕಟ್ಟುವ ರೀತಿಯೂ ಬದಲಾಯಿತು. ಹಿಂದೆ ಏಣಿಯಂಥ ಉಕ್ಕಿನ ಚೌಕಟ್ಟು ಇರುತ್ತಿತ್ತು. ಅದೇ ಚಾಸಿ, ಅದರ ಮೇಲೆ ಉಳಿದದ್ದೆಲ್ಲ. 1962ರ ಲೋಟಸ್ 25 ಫಾರ್ಮುಲಾ ಒನ್‌ಗೆ ಪೂರ್ಣ ಮಾನೊಕಾಕ್ ತಂದಿತು. ತಗಡನ್ನು ಬಾಗಿಸಿ, ರಿವೆಟ್ ಹೊಡೆದು ಮಾಡಿದ ತೊಟ್ಟಿಯೇ ಕಾರಿನ ಬೆನ್ನೆಲುಬು. ಅಪಘಾತದಲ್ಲಿ ತೊಟ್ಟಿ ನೆಗ್ಗಿದರೆ ಹೊಸ ತೊಟ್ಟಿ ಮಾಡಿ, ಹಳೆಯ ನಂಬರನ್ನೇ ಅಂಟಿಸುತ್ತಿದ್ದರು. ನೆಗ್ಗಿದ್ದು ಶೆಡ್ಡಿನ ಹಿಂದೆ ಬೀಳುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಯಾರೋ ಅದನ್ನು ಕೊಂಡು, ನೆಟ್ಟಗೆ ಮಾಡಿ, ಎಂಜಿನ್ ಕೂರಿಸಿದರೆ? ಒಂದೇ ಹೆಸರಿನ ಎರಡು ಕಾರು.

ಜಾಗ್ವಾರ್ ಡಿ-ಟೈಪ್‌ನಲ್ಲಿ ಈ ತೊಡಕು ಇನ್ನೂ ಸುಲಭವಾಗಿ ಹುಟ್ಟುತ್ತದೆ. 1955ರಿಂದ ಅದರ ಮುಂಭಾಗದ ಪೈಪ್ ಚೌಕಟ್ಟನ್ನು ನಡುವಿನ ತೊಟ್ಟಿಗೆ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಬೋಲ್ಟ್ ಬಿಚ್ಚಿದರೆ ಕಾರು ಎರಡು ತುಂಡು. ಚೌಕಟ್ಟು ಒಬ್ಬರ ಕೈಗೆ, ತೊಟ್ಟಿ ಇನ್ನೊಬ್ಬರ ಕೈಗೆ ಹೋಗಿ, ಇಬ್ಬರೂ ತಮ್ಮ ತಮ್ಮ ಅರ್ಧದ ಮೇಲೆ ಪೂರ್ತಿ ಕಾರು ಕಟ್ಟಿಕೊಂಡರೆ ಯಾವುದು ಅಸಲಿ? ನನಗೆ ಕೇಳಿದರೆ, ಎರಡೂ ಅರ್ಧ ಅರ್ಧ ಅಸಲಿ. ಒಳ್ಳೆಯ ಪರಿಹಾರ ಎರಡನ್ನೂ ಕೊಂಡು ಮತ್ತೆ ಒಂದು ಮಾಡುವುದು.

ಅಸಲಿ ಯಾವುದು ಅನ್ನುವ ಈ ಪ್ರಶ್ನೆಯನ್ನು ಒಂದು ನ್ಯಾಯಾಲಯವೇ ಕೂತು ಬಿಡಿಸಿದ ಪ್ರಸಂಗ ಇದೆ. ಅದು 'ಓಲ್ಡ್ ನಂಬರ್ ಒನ್' ಅನ್ನುವ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರಿನದು.

ಫ್ರಾನ್ಸಿನಲ್ಲಿ ನಡೆಯುವ ಲೆ ಮಾನ್ಸ್ 24 ಗಂಟೆಯ ರೇಸನ್ನು 1929ರಲ್ಲಿ ಈ ಕಾರು ಗೆದ್ದಿತು. ಓಡಿಸಿದವರು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್. ಕಾರಿನ ಮೇಲಿದ್ದ ರೇಸ್ ನಂಬರ್ 1. ಮರುವರ್ಷ ಇದೇ ಕಾರಿನಲ್ಲಿ ಬಾರ್ನಾಟೊ, ಗ್ಲೆನ್ ಕಿಡ್‌ಸ್ಟನ್ ಜೊತೆ ಮತ್ತೆ ಗೆದ್ದ. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸಿಗೆ ಇಳಿದಾಗ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಕೂರಿಸಿದ್ದರು. ಓರೆಯಾಗಿ ಎತ್ತರಿಸಿ ಕಟ್ಟಿದ ತಿರುವಿನ ಮೇಲಂಚು ದಾಟಿ ಕಾರು ಹೊರಗೆ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡ. ಉಳಿದದ್ದನ್ನು ಬಾರ್ನಾಟೊ ಮತ್ತೆ ಕಟ್ಟಿಸಿದ, ಈ ಸಲ ರಸ್ತೆಯಲ್ಲಿ ಓಡಿಸುವ ಮುಚ್ಚಿದ ಕಾರಾಗಿ. ಆಮೇಲೆ ಅದು ಹಲವು ಕೈ ದಾಟಿತು. ಕೊನೆಗೆ ಆ ಮೈಯನ್ನೂ ತೆಗೆದು, ಲೆ ಮಾನ್ಸ್ ಕಾಲದ್ದರಂಥ ತೆರೆದ ಮೈ ಹಾಕಿದರು.

1990ರಲ್ಲಿ ಆಗಿನ ಮಾಲೀಕರು ಇದನ್ನು 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳಬೇಕಿದ್ದ ಕಂಪನಿ ಹಿಂದೆ ಸರಿಯಿತು. ಇದು ಓಲ್ಡ್ ನಂಬರ್ ಒನ್ನೇ ಅಲ್ಲ ಅಂತ ವಾದ. ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ ಮುಂದೆ ಕಾರಿನ ಒಂದೊಂದು ಭಾಗದ ವಿಚಾರಣೆ ನಡೆಯಿತು. ಲೆಕ್ಕ ಹಾಕಿದಾಗ ಸಿಕ್ಕಿದ್ದು ಇಷ್ಟು. 1929ರ ಕಾರಿನದು ಅಂತ ಬೆರಳಿಟ್ಟು ತೋರಿಸುವಂಥದ್ದು ಸಣ್ಣಪುಟ್ಟ ಬಿಡಿಭಾಗ ಬಿಟ್ಟರೆ ಏನೂ ಇಲ್ಲ. 1930ರದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಂ. ಚೌಕಟ್ಟು, ಮುಂದಿನ ಆಕ್ಸಲ್ 1932ರವು.

ಇಷ್ಟು ಕೇಳಿದರೆ ಯಾರಾದರೂ 'ಹಾಗಾದರೆ ಇದು ಅದಲ್ಲ' ಅಂದುಬಿಡುತ್ತಾರೆ. ನ್ಯಾಯಮೂರ್ತಿ ಹಾಗೆ ಹೇಳಲಿಲ್ಲ. ಗೆದ್ದಾಗ ಹೇಗಿತ್ತೋ ಹಾಗೇ ಉಳಿದ ಮೂಲ ಕಾರು ಇದಲ್ಲ ಅಂತ ಅವರು ಒಪ್ಪಿದರು. ಆದರೆ ಇದು ನಕಲೂ ಅಲ್ಲ, ಮರುಸೃಷ್ಟಿಯೂ ಅಲ್ಲ ಅಂದರು. ಕಾರು ಯಾವತ್ತೂ ಸತ್ತು, ಇನ್ನೊಂದು ಹುಟ್ಟಿದ್ದಿಲ್ಲ. ರೇಸಿನಿಂದ ರೇಸಿಗೆ, ಮಾಲೀಕನಿಂದ ಮಾಲೀಕನಿಗೆ ಅದೇ ಕಾರು ಬದಲಾಗುತ್ತಾ ಬಂದಿದೆ. ಪ್ರಪಂಚದಲ್ಲಿ ಬೇರೆ ಯಾವ ಬೆಂಟ್ಲಿಯೂ ಈ ಹೆಸರಿಗೆ ಹಕ್ಕು ಹೇಳುವಂತಿಲ್ಲ. ಹಾಗಾಗಿ ಹೆಸರು ಇದರದೇ. ತೀರ್ಪು ಮಾರಿದವರ ಕಡೆ ಆಯಿತು.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ನಮ್ಮ ಊರಿನ ತೇರನ್ನು ನೋಡಿ. ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು. ಮೇಲಿನ ಮರ ಹುಳು ತಿಂದರೆ ಬಡಗಿ ಬೇರೆ ಮರ ಕೊಡುತ್ತಾನೆ. ಆದರೂ ಪ್ರತಿ ವರ್ಷ ನಾವು ಎಳೆಯುವುದು ಅದೇ ತೇರು. ಯಾಕೆಂದರೆ ರಿಪೇರಿ ಊರಿನವರ ಕಣ್ಣೆದುರೇ ಆಗುತ್ತದೆ, ಜಾತ್ರೆ ತಪ್ಪುವುದಿಲ್ಲ. ತೆಗೆದ ಹಳೆಯ ಗಾಲಿಯನ್ನು ಒಯ್ದು ಇನ್ನೊಂದು ತೇರು ಕಟ್ಟಿ, ಇದೇ ಅಸಲಿ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಈ ಬಿಡದ ಎಳೆಗೆ ಹರಾಜು ಕ್ಯಾಟಲಾಗ್‌ಗಳಲ್ಲಿ ಒಂದು ಹೆಸರಿದೆ: ಕಂಟಿನ್ಯುಯಸ್ ಹಿಸ್ಟರಿ. ಬಿಡಿಭಾಗ ಬದಲಾಗಿದ್ದರಿಂದ ಕಾರಿಗೆ ಕಳಂಕ ಬರುವುದಿಲ್ಲ. ಬದಲಾಗಿದ್ದನ್ನು ಮುಚ್ಚಿಟ್ಟರೆ ಬರುತ್ತದೆ.

ಎಳೆ ಹಿಡಿಯುವುದು ಹೇಗೆ? ಕಾರ್ಖಾನೆಯ ಲೆಡ್ಜರ್, ರೇಸಿನ ಪ್ರವೇಶ ಪಟ್ಟಿ, ಕಸ್ಟಮ್ಸ್ ಕಾಗದ, ಗ್ಯಾರೇಜಿನ ಬಿಲ್ಲು, ಹಳೆಯ ನೋಂದಣಿ ಪುಸ್ತಕ. ಇಟಲಿಯಲ್ಲಿ 1927ರಿಂದ ಪಿಆರ್‌ಎ ಅನ್ನುವ ವಾಹನ ದಾಖಲೆ ಕಚೇರಿ ಇದೆ. ಅಲ್ಲಿ ನೋಂದಣಿಯಾದ ಕಾರಿನ ಮಾಲೀಕರ ಸರಣಿ ಸಿಗಬಹುದು. ಬುಗಾಟಿಯಂಥ ಕಾರಾದರೆ ಚಾಸಿ ಪ್ಲೇಟ್ ಒಂದನ್ನೇ ನಂಬುವುದಿಲ್ಲ. ಚೌಕಟ್ಟಿಗೆ ಒಂದು ನಂಬರ್, ಎಂಜಿನ್ನಿಗೆ ಒಂದು, ಗೇರ್‌ಬಾಕ್ಸಿಗೆ ಒಂದು, ಹಿಂದಿನ ಆಕ್ಸಲ್ಲಿಗೆ ಒಂದು. ಎಲ್ಲವೂ ಒಂದೇ ಕಾರಿನ ಕತೆ ಹೇಳುತ್ತವೆಯಾ ಅಂತ ನೋಡುತ್ತಾರೆ.

ಲೋಹಕ್ಕೂ ನೆನಪಿರುತ್ತದೆ. ಅಚ್ಚು ಹೊಡೆದು ನಂಬರ್ ಕೂರಿಸಿದಾಗ ಅಂಕಿಯ ಕೆಳಗಿನ ಲೋಹ ಅದುಮಿ ಗಟ್ಟಿಯಾಗುತ್ತದೆ. ಮೇಲಿನದನ್ನು ಉಜ್ಜಿ ಅಳಿಸಿ ಹೊಸ ನಂಬರ್ ಹೊಡೆದರೂ, ತೀರಾ ಆಳಕ್ಕೆ ಉಜ್ಜಿರದಿದ್ದರೆ ಆ ಒತ್ತಡ ಒಳಗೆ ಉಳಿದಿರುತ್ತದೆ. ಆ ಜಾಗವನ್ನು ನುಣುಪು ಮಾಡಿ ಆಮ್ಲ ಸವರಿದರೆ ಹಳೆಯ ಅಂಕಿ ಮಸುಕಾಗಿ ಎದ್ದು ಬರುತ್ತದೆ. ಕಳ್ಳತನದ ವಾಹನ ಪತ್ತೆಗೆ ಪೊಲೀಸ್ ಪ್ರಯೋಗಾಲಯಗಳು ಮಾಡುವುದೂ ಇದನ್ನೇ.

ನನಗೆ ಎಲ್ಲಕ್ಕಿಂತ ಇಷ್ಟ ಫೋಟೋ ನೋಡಿ ಗುರುತಿಸುವ ವಿಧಾನ. ಇಂಥ ಕಾರುಗಳ ಮೈಯನ್ನು ಕೈಯಿಂದ ತಟ್ಟಿ ಮಾಡುತ್ತಿದ್ದರು. ಹಾಗಾಗಿ ಒಂದರಂತೆ ಒಂದು ಇಲ್ಲ. ಒಂದರಲ್ಲಿ ಬಾನೆಟ್ಟಿನ ಗಾಳಿಕಿಂಡಿ ಎಂಟಿದ್ದರೆ ಇನ್ನೊಂದರಲ್ಲಿ ಒಂಬತ್ತು. ಒಂದರಲ್ಲಿ ರಿವೆಟ್ ಸಾಲು ಸ್ವಲ್ಪ ಓರೆ. ಭೂತಗನ್ನಡಿ ಹಿಡಿದು ಹಳೆಯ ಕಪ್ಪುಬಿಳುಪು ಫೋಟೋಗಳಲ್ಲಿ ಇವನ್ನು ಎಣಿಸುತ್ತಾ ವರ್ಷಗಟ್ಟಲೆ ಕೂತವರಿದ್ದಾರೆ. ಪ್ಲೇಟ್ ಬದಲಾಯಿಸುವಾಗ ರಿವೆಟ್ ಸಾಲನ್ನೂ ಓರೆ ಮಾಡಬೇಕು ಅಂತ ಯಾವ ಮೆಕ್ಯಾನಿಕ್‌ಗೂ ಹೊಳೆದಿರುವುದಿಲ್ಲ!

ಪ್ರಾವೆನೆನ್ಸ್ ಜೊತೆ ಗೊಂದಲ ಮಾಡಿಕೊಳ್ಳಬಾರದ ಒಂದೆರಡು ಪದಗಳಿವೆ. ರೆಪ್ಲಿಕಾ ಅಂದರೆ ನಕಲು. ಹಾಗಂತ ಹೇಳಿಯೇ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಕಂಟಿನ್ಯುಯೇಶನ್ ಅನ್ನುವುದು ಸ್ವಲ್ಪ ವಿಚಿತ್ರ. ಜಾಗ್ವಾರ್ 1963ರಲ್ಲಿ ಹಗುರ ಮೈಯ ಇ-ಟೈಪ್ 18 ಮಾಡಬೇಕು ಅಂತ ಹೊರಟು 12 ಮಾತ್ರ ಮಾಡಿತು. ಉಳಿದ 6 ನಂಬರ್ ಸುಮ್ನೆ ಪುಸ್ತಕದಲ್ಲಿತ್ತು. 2014ರಲ್ಲಿ ಅದೇ ಕಂಪನಿ ಆ ನಂಬರುಗಳಿಗೆ 6 ಕಾರು ಕಟ್ಟಲು ಹೊರಟಿತು. ಮಾಡಿದವರೂ ಅವರೇ, ನಂಬರೂ ಆಗಿನದೇ. ಆದರೆ ಬಂದ ದಾರಿ ಶುರುವಾಗುವುದು 2014ರಿಂದ. ಇನ್ನೊಂದು ಎಚ್‌ಟಿಪಿ. ಹಳೆಯ ಕಾರುಗಳ ರೇಸಿಗೆ ಮೋಟಾರ್ ರೇಸಿನ ಜಾಗತಿಕ ಸಂಸ್ಥೆಯಾದ ಎಫ್‌ಐಎ ಕೊಡುವ ತಾಂತ್ರಿಕ ಪಾಸ್‌ಪೋರ್ಟ್ ಇದು. ಕಾರು ಆ ಕಾಲದ ನಿಯಮಕ್ಕೆ ತಕ್ಕಂತೆ ಇದೆ ಅಂತಷ್ಟೇ ಅದು ಹೇಳುತ್ತದೆ. ಇದು ಇಂಥದೇ ಕಾರು, ಇಂಥವರೇ ಓಡಿಸಿದ್ದು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಮಾರುವವರು ಎಚ್‌ಟಿಪಿ ತೋರಿಸಿದಾಗ ಇದು ನೆನಪಿರಲಿ.

ದಾರಿ ಸ್ಪಷ್ಟವಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕಾರನ್ನು ಹೇಳಿ ನಿಲ್ಲಿಸುತ್ತೇನೆ. ಮರ್ಸಿಡಿಸ್ ಡಬ್ಲ್ಯು196, ಚಾಸಿ ನಂಬರ್ 00006/54. 1954ರ ಆಗಸ್ಟ್‌ನಲ್ಲಿ ಹ್ವಾನ್ ಮಾನ್ವೆಲ್ ಫಾಂಜಿಯೊ ಇದೇ ಕಾರಿನಲ್ಲಿ ಜರ್ಮನ್ ಮತ್ತು ಸ್ವಿಸ್ ಗ್ರ್ಯಾನ್ ಪ್ರಿ ಎರಡನ್ನೂ ಗೆದ್ದ. ಮುಂದೆ ಕಂಪನಿಯೇ ಇದನ್ನು ಬ್ರಿಟನ್ನಿನ ಒಂದು ಮ್ಯೂಸಿಯಂಗೆ ಕೊಟ್ಟಿತು. ಅಲ್ಲಿಂದ ಬೆರಳೆಣಿಕೆಯ ಕೈಗಳು ಮಾತ್ರ. 2013ರ ಜುಲೈನಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹರಾಜಿಗೆ ಬಂದಾಗ ಅದಕ್ಕೆ ಹೊಸ ಬಣ್ಣ ಹೊಡೆಸಿರಲಿಲ್ಲ. ಮೈಮೇಲಿನ ಗೀರು, ಸವೆತ, ಎಣ್ಣೆ ಕಲೆ ಎಲ್ಲವೂ ಇದ್ದಂತೆಯೇ ಇದ್ದವು. ಹೋದದ್ದು 1 ಕೋಟಿ 96 ಲಕ್ಷ ಪೌಂಡಿಗೆ.