ವಾತರೋಗ, ಸೋಂಕು ಮತ್ತು ರೋಗಿಯ ಜೇಬು

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆಗೆ ಸೆರೆಸಿಕ್ಕ ಸಾವಿರಾರು ಸೈನಿಕರನ್ನು ಥಾಯ್ಲೆಂಡ್-ಬರ್ಮಾ ರೈಲುದಾರಿ ಹಾಕುವ ಕೆಲಸಕ್ಕೆ ದೂಡಲಾಯಿತು. ಅರೆಹೊಟ್ಟೆ, ಬರಿಗಾಲು, ಮಲ ಬೆರೆತ ಕೆಸರು. ಬದುಕುಳಿದು ಮನೆಗೆ ಮರಳಿದವರನ್ನು ಮೂವತ್ತು ನಲವತ್ತು ವರ್ಷಗಳ ಮೇಲೆ ಪರೀಕ್ಷಿಸಿದಾಗ ಹಲವರ ಕರುಳಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಇನ್ನೂ ಬದುಕಿತ್ತು. ಪಾದದ ಚರ್ಮ ಕೊರೆದು ಒಳಹೊಕ್ಕುವ ಈ ಹುಳು ಹೊರಗೆ ಬಾರದೆ ದೇಹದೊಳಗೇ ಪೀಳಿಗೆ ಮೇಲೆ ಪೀಳಿಗೆ ಬೆಳೆಸಬಲ್ಲದು. ರೋಗನಿರೋಧಕ ಶಕ್ತಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವಷ್ಟು ಕಾಲ ಹೊತ್ತವರಿಗೆ ಸುಳಿವೂ ಸಿಗದೆ ಹೋಗಬಹುದು. ಆದರೆ ಯಾವುದೋ ಕಾರಣಕ್ಕೆ ಆ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧ ಶುರುವಾಯಿತೆನ್ನಿ, ಹುಳುಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳಿನ ಗೋಡೆ ತೂರಿ, ಅಲ್ಲಿನ ಬ್ಯಾಕ್ಟೀರಿಯಾಗಳನ್ನೂ ಹೊತ್ತುಕೊಂಡು ರಕ್ತಕ್ಕೆ, ಶ್ವಾಸಕೋಶಕ್ಕೆ, ಮಿದುಳಿನ ಪೊರೆಗೆ ನುಗ್ಗುತ್ತವೆ. ಅಷ್ಟರಮಟ್ಟಿಗೆ ಹರಡಿದ ಮೇಲೆ ಬದುಕುವವರು ಕಡಿಮೆ.

ಯುದ್ಧಕೈದಿಯೇ ಆಗಬೇಕೆಂದಿಲ್ಲ. ಶೌಚಾಲಯವಿಲ್ಲದ ಕಡೆ ಚಪ್ಪಲಿಯಿಲ್ಲದೆ ಆಡಿ ಬೆಳೆದ ಯಾವ ಮಗುವಿಗೂ ಇದು ಅಂಟಬಹುದು. ಜಗತ್ತಿನಲ್ಲಿ ಸುಮಾರು 60 ಕೋಟಿ ಜನ ಈ ಹುಳುವನ್ನು ಹೊತ್ತಿದ್ದಾರೆಂಬ ಅಂದಾಜಿದೆ. ಆ ಮಗು ದೊಡ್ಡದಾಗಿ, ಓದಿ, ಒಳ್ಳೆಯ ಕೆಲಸ ಹಿಡಿದು, ಬಾಲ್ಯದ ಬಡತನ ಮರೆತ ಮೇಲೆ ವಾತರೋಗ ಬಂತೆಂದರೆ ಮೊದಲು ಕೈಗೆ ಬರುವ ಮಾತ್ರೆ ಬಹುತೇಕ ಸ್ಟೀರಾಯ್ಡೇ.

ವಾತರೋಗ ಅಂದರೆ ಇಲ್ಲಿ ವಯಸ್ಸಾಗಿ ಮಂಡಿ ಸವೆಯುವುದಲ್ಲ. ರುಮಟಾಯ್ಡ್ ಸಂಧಿವಾತ, ಲೂಪಸ್, ರಕ್ತನಾಳಗಳ ಉರಿಯೂತದಂಥವು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿ ಬೀಳುವ ರೋಗಗಳು. ಇವರಿಗೆ ಸೋಂಕಿನ ಕಾಟ ಹೆಚ್ಚು. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ದಶಕಗಳ ವೈದ್ಯಕೀಯ ದಾಖಲೆಗಳನ್ನು ಜಾಲಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ಪತ್ರೆ ಸೇರಬೇಕಾದಂಥ ಸೋಂಕು ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಇಲ್ಲದವರಿಗಿಂತ ಸುಮಾರು 1.8 ಪಟ್ಟು ಹೆಚ್ಚಿತ್ತು. ಇದಕ್ಕೆ ಎರಡು ಕಾರಣ ಹೇಳುವುದು ವಾಡಿಕೆ: ರೋಗವೇ ರಕ್ಷಣೆಯನ್ನು ಹದಗೆಡಿಸುತ್ತದೆ, ಅದಕ್ಕೆ ಕೊಡುವ ಔಷಧ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ರೋಗಿಯ ಆದಾಯ, ಓದು, ಮನೆ, ಕೆಲಸ ಇವೆಲ್ಲ ವರದಿಯ ಕೊನೆಯಲ್ಲಿ ‘ಇತರೆ’ ಎಂದು ಬರುತ್ತವೆ. ನನ್ನ ಮಟ್ಟಿಗೆ ಅವು ಇತರೆ ಅಲ್ಲ. ಯಾರ ರೋಗ ಎಷ್ಟು ಕಾಲ ಹತೋಟಿ ತಪ್ಪಿರುತ್ತದೆ, ಯಾರ ಹೊಟ್ಟೆಗೆ ಯಾವ ಔಷಧ ಎಷ್ಟು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದೇ ಅವು.

ಸ್ಟೀರಾಯ್ಡನ್ನೇ ನೋಡಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದ ಮಹಿಳೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ನೊಬೆಲ್ ಬಂತು. ಆ ಬೆರಗು ಇವತ್ತಿಗೂ ಹಾಗೇ ಇದೆ: ಮಾತ್ರೆ ಅಗ್ಗ, ಎಲ್ಲೆಡೆ ಸಿಗುತ್ತದೆ, ನೋವು ಬೇಗ ಇಳಿಯುತ್ತದೆ. ರೋಗದ ಬುಡಕ್ಕೆ ಕೈಹಾಕುವ ಮೆಥೊಟ್ರೆಕ್ಸೇಟ್ ಕೆಲಸ ತೋರಿಸಲು ವಾರಗಟ್ಟಲೆ ಬೇಕು. ಜೊತೆಗೆ ಆಗಾಗ ರಕ್ತಪರೀಕ್ಷೆ, ಮತ್ತೆ ಮತ್ತೆ ತಜ್ಞರ ಭೇಟಿ. ರೋಗನಿರೋಧಕ ವ್ಯವಸ್ಥೆಯ ಒಂದೊಂದು ಕೊಂಡಿಯನ್ನೇ ಗುರಿಯಿಟ್ಟು ತಡೆಯುವ ಬಯೋಲಾಜಿಕ್ ಚುಚ್ಚುಮದ್ದುಗಳ ಬೆಲೆ ಅನೇಕರ ಕೈಗೆ ಎಟುಕುವಂಥದ್ದಲ್ಲ. ದುಡಿದರೆ ಮಾತ್ರ ಕೂಲಿ ಸಿಗುವವರು ಆರು ವಾರ ಕಾಯುವುದುಂಟೆ? ಕೆಲವೇ ವಾರಕ್ಕೆಂದು ಬರೆದುಕೊಟ್ಟ ಸ್ಟೀರಾಯ್ಡ್ ಹಳೆಯ ಚೀಟಿಯ ಮೇಲೆಯೇ ವರ್ಷಗಟ್ಟಲೆ ನಡೆಯುತ್ತದೆ. (ಚೀಟಿಯೇ ಇಲ್ಲದೆ ಮಾರುವ ‘ನೋವಿನ ಪುಡಿ’ಗಳಲ್ಲಿ ಸದ್ದಿಲ್ಲದೆ ಸ್ಟೀರಾಯ್ಡ್ ಬೆರೆಸಿದ್ದೂ ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ.)

ಇದರ ಬೆಲೆ ಎಷ್ಟು? ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ದಾಖಲೆಗಳಿಂದ 2020ರಲ್ಲಿ ಒಂದು ಅಂದಾಜು ಹೊರಬಂತು. ಸ್ಟೀರಾಯ್ಡ್ ಇಲ್ಲದ ಸಂಧಿವಾತ ರೋಗಿಗಳಲ್ಲಿ ವರ್ಷಕ್ಕೆ ಶೇ. 8.6ರಷ್ಟು ಮಂದಿ ಸೋಂಕಿನಿಂದ ಆಸ್ಪತ್ರೆ ಸೇರುತ್ತಾರೆ. ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವವರಲ್ಲಿ ಅದು ಶೇ. 11, 10 ಮಿಲಿಗ್ರಾಂ ದಾಟಿದವರಲ್ಲಿ ಶೇ. 17.7. ಐದು ಮಿಲಿಗ್ರಾಂ ‘ಏನೂ ಅಲ್ಲ’ ಎಂಬ ಮಾತು ಆಸ್ಪತ್ರೆಗಳ ಕಾರಿಡಾರಿನಲ್ಲಿ ಇನ್ನೂ ಕೇಳಿಬರುತ್ತದೆ. ಅದು ನಿಜವಲ್ಲ.

ದುಬಾರಿ ಔಷಧ ಸಿಕ್ಕವರೂ ತಮ್ಮ ಹಳೆಯ ಬದುಕಿನಿಂದ ತಪ್ಪಿಸಿಕೊಳ್ಳಲಾರರು. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಯೋಲಾಜಿಕ್ ಬಳಸಿದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಹೆಚ್ಚಿನವರಲ್ಲಿ ಚಿಕಿತ್ಸೆ ಶುರುವಾದ ಕೆಲವೇ ತಿಂಗಳಲ್ಲಿ ರೋಗ ತಲೆಯೆತ್ತಿತ್ತು. ಹೊಸದಾಗಿ ಅಂಟಿದ್ದಕ್ಕಿಂತ, ಒಳಗೆ ಮಲಗಿದ್ದ ಬ್ಯಾಕ್ಟೀರಿಯಾ ಎದ್ದದ್ದೇ ಇದಕ್ಕೆ ಹೊಂದುವ ವಿವರಣೆ. ಕ್ಷಯದ ರೋಗಾಣುವನ್ನು ಪ್ರತಿರೋಧಕ ಕಣಗಳು ಪುಟ್ಟ ಗಂಟುಗಳಲ್ಲಿ ಸುತ್ತುವರಿದು ಕೂಡಿಹಾಕಿರುತ್ತವೆ. ಆ ಗಂಟು ಬಿಗಿಯಾಗಿರಲು ಟಿಎನ್‌ಎಫ್ ಎಂಬ ಪ್ರೋಟೀನು ಬೇಕು, ಈ ಔಷಧ ತಡೆಯುವುದು ಅದನ್ನೇ. ಮನುಕುಲದ ಸುಮಾರು ಕಾಲುಭಾಗದ ಮೈಯಲ್ಲಿ ಒಂದಲ್ಲ ಒಂದು ಕಾಲಕ್ಕೆ ಕ್ಷಯದ ಸೋಂಕು ಹೊಕ್ಕಿದೆ. ಗಾಳಿಯಾಡದ ಕಿಷ್ಕಿಂಧೆಯಂಥ ಮನೆಯಲ್ಲಿ ಹತ್ತಾರು ಜನ ಮಲಗುವ ಕಡೆ ಇನ್ನೂ ಹೆಚ್ಚು. ಬಯೋಲಾಜಿಕ್‌ಗೆ ಮುನ್ನ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಕೆಲವು ತಿಂಗಳು ಮಾತ್ರೆ ಕೊಟ್ಟರೆ ಅಪಾಯ ಬಹಳಷ್ಟು ತಗ್ಗುತ್ತದೆ. ಆದರೆ ಆ ಮಾತ್ರೆಯ ಕೋರ್ಸು ಮುಗಿಸಲೂ ಸ್ಥಿರವಾದ ವಿಳಾಸ, ರಜೆ, ಬಸ್ಸಿನ ಖರ್ಚು ಬೇಕು.

ಓದು ಬರಹದ ಪಾತ್ರವನ್ನು ಒಂದೇ ಉದಾಹರಣೆಯಲ್ಲಿ ಹೇಳಬಹುದು. ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ನುಂಗಬೇಕು. ಮಾತ್ರೆಯೆಂದರೆ ದಿನಕ್ಕೊಂದು ಎಂಬ ಅಭ್ಯಾಸದಲ್ಲಿ ಅದನ್ನು ನಿತ್ಯ ನುಂಗಿದವರ ಅಸ್ಥಿಮಜ್ಜೆ ಸೊರಗಿ, ಬಿಳಿರಕ್ತಕಣಗಳು ಕುಸಿದು, ಸೋಂಕಿಗೆ ಬಲಿಯಾದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ತನಗೆ ಬಾರದ ಭಾಷೆಯಲ್ಲಿ ಅಚ್ಚಾದ ಪೊಟ್ಟಣ, ಎರಡು ನಿಮಿಷದಲ್ಲಿ ಮುಗಿದ ವೈದ್ಯರ ಭೇಟಿ: ಇದನ್ನು ರೋಗಿಯ ಅಜಾಗರೂಕತೆ ಎಂದು ಬರೆದುಕೊಳ್ಳುವುದು ಸುಲಭ, ನ್ಯಾಯವಲ್ಲ.

ಇನ್ನೊಂದು, ಹೊತ್ತು ಮೀರುವುದು. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಟೊಸಿಲಿಜುಮ್ಯಾಬ್‌ನಂಥ ಬಯೋಲಾಜಿಕ್ ಔಷಧ ಜ್ವರದ ಜೊತೆಗೆ, ಉರಿಯೂತ ಅಳೆಯುವ ಸಿಆರ್‌ಪಿ ಪರೀಕ್ಷೆಯನ್ನೂ ಸುಮ್ಮನಾಗಿಸುತ್ತದೆ. ಹಾಗಾಗಿ ಇವರಿಗೆ ಮೈ ಬೆಚ್ಚಗಾದ ಮೊದಲ ದಿನವೇ ವೈದ್ಯರನ್ನು ಕಾಣಿ ಎಂದು ಹೇಳಿಕಳಿಸುತ್ತಾರೆ. ಸಂಬಳ ಕಡಿತವಾಗುವ ಭಯ ಇರುವವರು, ದೂರದ ಆಸ್ಪತ್ರೆಗೆ ಜೊತೆಗೆ ಬರುವವರಿಲ್ಲದವರು ಮೂರನೆಯ ದಿನ, ನಾಲ್ಕನೆಯ ದಿನ ಬರುತ್ತಾರೆ. ನ್ಯುಮೋನಿಯಾ ರಕ್ತಕ್ಕೆ ಇಳಿಯಲು ಅಷ್ಟು ಸಾಕು.

ಅಮೆರಿಕದಲ್ಲಿ ಕಡಿಮೆ ಆದಾಯದವರಿಗಿರುವ ಮೆಡಿಕೇಯ್ಡ್ ವಿಮೆಯ 33 ಸಾವಿರಕ್ಕೂ ಹೆಚ್ಚು ಲೂಪಸ್ ರೋಗಿಗಳನ್ನು 2000ದಿಂದ 2006ರವರೆಗಿನ ದಾಖಲೆಗಳಲ್ಲಿ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ನೂರು ರೋಗಿಗಳಿಗೆ ವರ್ಷಕ್ಕೆ ಸುಮಾರು 11 ಗಂಭೀರ ಸೋಂಕು. ಮೂತ್ರಪಿಂಡಕ್ಕೂ ಲೂಪಸ್ ತಗಲಿದವರಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ಸ್ಟೀರಾಯ್ಡ್ ಬಳಸುವವರಲ್ಲಿ ಅಪಾಯ ಒಂದೂವರೆ ಪಟ್ಟು. ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಮಾತ್ರ ಕಾಲುಭಾಗದಷ್ಟು ಕಡಿಮೆ. ಇದು ಹಳೆಯ, ಅಗ್ಗದ ಮಾತ್ರೆ. ಅಂದರೆ ಬಡವರ ಕೈಗೆ ಸಿಗುವ ಔಷಧಗಳೆಲ್ಲ ಅವರಿಗೆ ಎರಡನೇ ದರ್ಜೆಯವೇ ಎನ್ನುವಂತಿಲ್ಲ. ದುರದೃಷ್ಟಕ್ಕೆ 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಇದೇ ಮದ್ದೆಂಬ ಗುಲ್ಲೆದ್ದು, ವರ್ಷಗಳಿಂದ ಅದನ್ನು ನಂಬಿದ್ದ ಲೂಪಸ್ ರೋಗಿಗಳಿಗೇ ಹಲವೆಡೆ ಮಾತ್ರೆ ಸಿಗದಾಯಿತು.

ಆ ಸಾಂಕ್ರಾಮಿಕದ ಕಾಲದಲ್ಲೇ ವಾತರೋಗ ತಜ್ಞರು ಜಾಗತಿಕ ಒಕ್ಕೂಟ ಕಟ್ಟಿಕೊಂಡು ತಮ್ಮ ರೋಗಿಗಳ ವಿವರ ಒಂದೆಡೆ ಸೇರಿಸಿದರು. 23 ದೇಶಗಳ ಸುಮಾರು 14 ಸಾವಿರ ಮಂದಿಯ ಮಾಹಿತಿ ತುಲನೆ ಮಾಡಿದಾಗ, ಗಾಳಿ ಹೆಚ್ಚು ಕೆಟ್ಟಿರುವ ಕಡೆ ಕೋವಿಡ್ ಸಾವಿನ ಸಂಭವ ಹೆಚ್ಚು, ಆಸ್ಪತ್ರೆ ಹಾಸಿಗೆಗಳೂ, ಆದಾಯ, ಓದು, ಆಯಸ್ಸು ಸೇರಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವೂ ಮೇಲಿರುವ ಕಡೆ ಕಡಿಮೆ ಎಂದು ಕಂಡುಬಂತು. ವಯಸ್ಸು, ಔಷಧಗಳಂಥ ವೈಯಕ್ತಿಕ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಹಾಗಂತ ಎಲ್ಲ ಹಣೆಬರಹ ಎಂದು ಕೈಚೆಲ್ಲಬೇಕಿಲ್ಲ. ಫ್ಲೂ, ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾ, ಸರ್ಪಸುತ್ತು ಇವುಗಳಿಗೆ ಲಸಿಕೆಗಳಿವೆ. ಸ್ಟ್ರಾಂಜಿಲಾಯ್ಡಿಸ್‌ಗೆ ಐವರ್ಮೆಕ್ಟಿನ್ ಎಂಬ ಹುಳುನಾಶಕ ಮಾತ್ರೆ ಇದೆ, ಮೊದಲೇ ಅನುಮಾನಿಸಿದರೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಲಿಫೋರ್ನಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಲೂಪಸ್ ರೋಗಿಗಳನ್ನು ವರ್ಷಗಳ ಕಾಲ ಮಾತಾಡಿಸಿ, ಬಡತನದಲ್ಲೇ ಉಳಿದವರ ಅಂಗಾಂಗಗಳಿಗೆ ಆದ ಹಾನಿಯನ್ನೂ ಅದರಿಂದ ಹೊರಬಂದವರದನ್ನೂ ಅವರು ಹೋಲಿಸಿದರು. ಉಳಿದವರಲ್ಲಿ ಹಾನಿ ಹೆಚ್ಚುತ್ತಾ ಹೋಯಿತು. ಹೊರಬಂದವರ ಸ್ಥಿತಿ ಎಂದೂ ಬಡವರಾಗಿರದವರಿಗೆ ಹತ್ತಿರವಿತ್ತು. ಅಳೆದದ್ದು ಸೋಂಕನ್ನಲ್ಲ, ಒಟ್ಟು ಹಾನಿಯನ್ನು, ನಿಜ. ಆದರೆ ಲೂಪಸ್ ಹಾನಿಯ ಆ ಲೆಕ್ಕದಲ್ಲಿ ರೋಗದ ಏಟಿನ ಜೊತೆಗೆ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡಿನ ಏಟುಗಳೂ, ಕಣ್ಣಿನ ಪೊರೆ, ಮೂಳೆ ಮುರಿತ, ಸಕ್ಕರೆ ಕಾಯಿಲೆ, ಸೇರಿರುತ್ತವೆ.